ಹಳೆಯ ಫೈಲುಗಳನ್ನು ಅಳಿಸಲಾಗುವುದು

ನಮ್ಮ ನಗರಸಭೆಯಲ್ಲಿ ಇಬ್ಬರು ಎಂಜಿನಿಯರುಗಳಿದ್ದರು. ಒಬ್ಬರು ಓದಿ ಎಂಜಿನಿಯರ್ ಆದವರು. ಅವರು ಬೆಳಿಗ್ಗೆ ರಸ್ತೆಯ ಗುಂಡಿ ನೋಡಲು ಹೋದರೆ ಕಚೇರಿಯ ಬಾಗಿಲು ಹಾಕುವವರೆಗೂ ನೋಡುತ್ತಲೇ ಇರುತ್ತಿದ್ದರು. ಹಾಗಾಗಿ ಅವರ ಮುಖ ಯಾರಿಗೂ ನೆನಪಿಲ್ಲ. ಇನ್ನೊಬ್ಬ ನಮ್ಮ ಕಥಾನಾಯಕ. ಇವನು ಜನನ ಮರಣ ವಿಭಾಗದ ಗುಮಾಸ್ತ.

ಗುಮಾಸ್ತ ಎಂಜಿನಿಯರ್ ಆದದ್ದು ಸಿಟ್ಟಿನಿಂದ. ಒಂದು ದಿನ ಮನೆಯಲ್ಲಿ ಹೆಂಡತಿಯೊಂದಿಗೆ ಜಗಳವಾಡಿ, ಅದರ ಅರ್ಧವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕಚೇರಿಗೆ ಬಂದಿದ್ದ. ಅಲ್ಲಿ ಮುಖ್ಯಾಧಿಕಾರಿಗಳ ತುರ್ತು ಆದೇಶವನ್ನು ಪ್ರಿಂಟರು ಕಚ್ಚಿಹಿಡಿದುಕೊಂಡಿತ್ತು. ಎಲ್ಲರೂ ಅದರ ಮುಂದೆ ಕೈಕಟ್ಟಿ ನಿಂತಿದ್ದರು. ಇವನು ಬಂದವನೇ ಉಳಿದ ಅರ್ಧ ಜಗಳವನ್ನು ಅಂಗೈಗೆ ತಂದುಕೊಂಡು ಅದರ ತಲೆಗೆ ಒಂದು ಬಿಟ್ಟ. ಪ್ರಿಂಟರು ಒಮ್ಮೆ ಕೆಮ್ಮಿ ಕಾಗದ ಹೊರಗೆ ಹಾಕಿತು. "ಪರವಾಗಿಲ್ವೇ! ಎಂಜಿನಿಯರ್ ಕಣಯ್ಯಾ ನೀನು" ಎಂದರು ಮುಖ್ಯಾಧಿಕಾರಿ ಸಾಹೇಬರು. ಅವರು ಹೇಳಿದ್ದು ತಮಾಷೆಗೆ. ಇವನು ತೆಗೆದುಕೊಂಡದ್ದು ಬಡ್ತಿಯೆಂದು.

ಅಂದಿನಿಂದ ಕಚೇರಿಯ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿಗೆ ಬಂದವು. ಅವನಿಗೆ ಗೊತ್ತಿದ್ದ ರಿಪೇರಿ ಒಂದೇ, ರೇಗುವುದು. ಕೀಲಿಮಣೆಗೆ ಗದರುತ್ತಿದ್ದ, ಪರದೆಯನ್ನು ದುರುಗುಟ್ಟಿ ನೋಡುತ್ತಿದ್ದ, ವೈರುಗಳಿಗೆ ಅವುಗಳ ವಂಶದ ಬಗ್ಗೆ ಹೇಳಬಾರದ್ದನ್ನು ಹೇಳುತ್ತಿದ್ದ. ಅಚ್ಚರಿಯೆಂದರೆ ಬಹುಪಾಲು ಯಂತ್ರಗಳು ಹೆದರಿ ಸರಿಹೋಗುತ್ತಿದ್ದವು.

ಹೆದರದೆ ಉಳಿದದ್ದು ಮೂಲೆಯ ಕೋಣೆಯಲ್ಲಿದ್ದ ಕಂಪ್ಯೂಟರೊಂದೇ.

ಒಂದು ಶುಕ್ರವಾರ ತೆರಿಗೆಯ ಕೌಂಟರು ನಿಂತುಹೋಯಿತು. ಅದರ ಪರದೆಯಲ್ಲೂ ಮೂಲೆಯ ಕಂಪ್ಯೂಟರಿನಲ್ಲೂ 'ಜಾಗವಿಲ್ಲ' ಎಂದು ಬಂತು. ಸಾಲಿನಲ್ಲಿದ್ದವರು, "ಜಾಗವಿಲ್ಲ ಅಂದ್ರೆ ಏನ್ರೀ? ನಾವು ಕೂತ್ಕೊಳ್ಳೋಕೆ ಕೇಳಿದ್ವಾ?" ಎಂದು ಕೂಗಿದರು. ಎಂಜಿನಿಯರ್ ಬಂದು ಮೂಲೆಯ ಕಂಪ್ಯೂಟರಿಗೆ ಹೊಡೆದ. ಜಾಗವಿಲ್ಲ. ಇನ್ನೊಂದು ಹೊಡೆದ. ಈಗ ಕೈಯಲ್ಲಿ ನೋವು, ಕಂಪ್ಯೂಟರಿನಲ್ಲಿ ಜಾಗವಿಲ್ಲ. ಕೊನೆಗೆ ಹಲ್ಲು ಕಡಿಯುತ್ತ, ಯಂತ್ರಗಳನ್ನು ಕೊಟ್ಟಿದ್ದ ಕಂಪನಿಗೆ ಫೋನು ಮಾಡಿದ.

ಕಂಪನಿಯ ಹೆಂಗಸು ಅವನಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದಳು.

"ಸರ್, ಇದನ್ನ ತರಬೇತಿಯಲ್ಲಿ ಹೇಳಿದ್ದೆ. ನೀವು ಆಗ ಚಹಾ ಕುಡಿಯೋಕೆ ಹೋಗಿದ್ರಿ. ನಿಮ್ಮ ಕೌಂಟರುಗಳಿಗೆ ಬೇಕಾದ ಸಾಫ್ಟ್‌ವೇರ್ ಪ್ಯಾಕೇಜುಗಳನ್ನ ಆ ಮೂಲೆ ಕಂಪ್ಯೂಟರು ಒಂದು ಸಲ ಹೊರಗಿಂದ ತರಿಸಿ ತನ್ನ ಹತ್ರ ಇಟ್ಕೊಳ್ಳುತ್ತೆ. ಕೌಂಟರುಗಳು ಅಲ್ಲಿಂದ ತಗೊಳ್ತವೆ. ಅದಕ್ಕೇ ಕ್ಯಾಶ್ ಅನ್ನೋದು."

"ಕ್ಯಾಶಾ? ಕ್ಯಾಶೆಲ್ಲ ಕ್ಯಾಶಿಯರ್ ಹತ್ರ ಇರುತ್ತಲ್ಲ ಮೇಡಂ?"

ಆ ಕಡೆ ಪೆನ್ನೊಂದನ್ನು ಮೇಜಿಗೆ ಕುಕ್ಕಿದ ಸದ್ದಾಯಿತು.

"ದುಡ್ಡಿನ ಕ್ಯಾಶಲ್ಲ ಸರ್. ಇದು ಬೇರೆ ಕ್ಯಾಶ್. ಉಗ್ರಾಣ ಅಂದ್ಕೊಳ್ಳಿ. ಹೊಸ ಪ್ಯಾಕೇಜ್ ಬಂದ ಮೇಲೂ ಹಳೇದರ ಫೈಲು ಅಲ್ಲೇ ಬಿದ್ದಿರುತ್ತೆ. ನೀವು ಒಂದು ಸಲಾನೂ ತೆಗೆದಿಲ್ಲ. ಈಗ ತುಂಬಿಹೋಗಿದೆ. ಇವತ್ತಿಗೆ ನಾನು ಇಲ್ಲಿಂದಲೇ ಹೇಗೋ ಓಡಿಸ್ತೀನಿ. ಸೋಮವಾರ ಎಲ್ಲಾ ಕೌಂಟರಿಗೂ ಹೊಸ ಆವೃತ್ತಿ ಹಾಕ್ತಾ ಇದೀವಿ. ಅದಕ್ಕೆ ಬೇಕಾದ ಹೊಸ ಪ್ಯಾಕೇಜುಗಳು ಆಗಲೇ ನಿಮ್ಮ ಉಗ್ರಾಣಕ್ಕೆ ಬಂದಿವೆ. ಅವತ್ತು ಬೆಳಿಗ್ಗೆ ಎರಡು ಗುಂಡಿ ಕಾಣುತ್ತೆ. 'ಹಳತು ಮಾತ್ರ ಅಳಿಸು' ಅಂತ ಒಂದು, 'ಎಲ್ಲ ಅಳಿಸು' ಅಂತ ಒಂದು. ಮೊದಲನೇದು ಒತ್ತಿ. ಎರಡನೇದು ಮುಟ್ಟಲೇಬೇಡಿ. ನಿಮ್ಮ ಇಂಟರ್‌ನೆಟ್ ಲೈನು ಆಮೆ ಥರ ಇದೆ, ಹೋದದ್ದು ವಾಪಸ್ ಬರೋಕೆ ವಾರ ಹಿಡಿಯುತ್ತೆ. ಅರ್ಥ ಆಯ್ತಾ?"

"ನಾನು ಎಂಜಿನಿಯರ್ ಮೇಡಂ" ಎಂದ ಇವನು, ಅವಮಾನದಿಂದ.

"ಗೊತ್ತಾಯ್ತು. ಸೋಮವಾರ ಬೆಳಿಗ್ಗೆ ಕೌಂಟರ್ ಇರಲ್ಲ ಅಂತ ಜನಕ್ಕೆ ಒಂದು ಮಾತು ತಿಳಿಸಿ."

'ಸೋಮವಾರ ಬೆಳಿಗ್ಗೆ ಕೌಂಟರ್ ಇರುವುದಿಲ್ಲ' ಎಂದು ಬರೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟನ್ನು ಗುಮಾಸ್ತನೂ ಬರೆಯಬಲ್ಲ. ಎಂಜಿನಿಯರ್ ಎಂದ ಮೇಲೆ ಕಾರಣ ಬರೆಯಬೇಕು, ಕಾರಣ ಓದಿ ಜನ ಬೆರಗಾಗಬೇಕು. ಅವನು ಊಟದ ಹೊತ್ತನ್ನೂ ಬಿಟ್ಟು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ ಮುಂಬಾಗಿಲಿಗೆ ಅಂಟಿಸಿದ.

"ಸಾರ್ವಜನಿಕರ ಗಮನಕ್ಕೆ. ಈ ಕಚೇರಿಯಲ್ಲಿ ಹಲವು ವರ್ಷಗಳಿಂದ ಯಾರೂ ಮುಟ್ಟದೆ ವೃಥಾ ಜಾಗ ಹಿಡಿದು ಕುಳಿತಿರುವ ಹಳೆಯ ಫೈಲುಗಳನ್ನು, ಪ್ಯಾಕೇಜ್ ಕ್ಯಾಶ್ ನಿರ್ವಹಣೆಯ ಪ್ರಯುಕ್ತ, ಸೋಮವಾರ ಬೆಳಿಗ್ಗೆ ಶಾಶ್ವತವಾಗಿ ಅಳಿಸಿಹಾಕಲಾಗುವುದು. ಅಡಚಣೆಗಾಗಿ ವಿಷಾದಿಸುತ್ತೇವೆ."

ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ತಾನೇ ಓದಿಕೊಂಡ. ಕಣ್ಣು ತೇವವಾಯಿತು. 'ವೃಥಾ' ಎಂಬ ಪದ ಅವನಿಗೆ ಬಹಳ ಹಿಡಿಸಿತ್ತು.

ಊರಿಗೆ ಹಿಡಿಸಲಿಲ್ಲ. ನಮ್ಮ ನಗರಸಭೆಗೆ ಅರ್ಜಿ ಕೊಡದವರು ಊರಲ್ಲಿಲ್ಲ, ಕೊಟ್ಟ ಅರ್ಜಿಗೆ ಉತ್ತರ ಪಡೆದವರೂ ಇಲ್ಲ. ಹಲವು ವರ್ಷಗಳಿಂದ ಯಾರೂ ಮುಟ್ಟದ ಫೈಲು ಎಂದ ಕೂಡಲೇ ಓದಿದ ಪ್ರತಿಯೊಬ್ಬರೂ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಸುದ್ದಿ ಕಚೇರಿಯ ಮೆಟ್ಟಿಲು ಇಳಿಯುವಾಗ 'ಫೈಲು ಅಳಿಸ್ತಾರಂತೆ' ಎಂದಿತ್ತು. ಮಾರುಕಟ್ಟೆ ದಾಟುವಷ್ಟರಲ್ಲಿ 'ಫೈಲು ಸುಡ್ತಾರಂತೆ' ಎಂದಾಯಿತು. ಕ್ಷೌರದ ಅಂಗಡಿಯಲ್ಲಿ ಅದಕ್ಕೆ ಕೊನೆಯ ರೂಪ ಸಿಕ್ಕಿತು.

"ಸರಿಯಾಗಿ ಓದಿದ್ರಾ? 'ಪ್ಯಾಕೇಜ್ ಕ್ಯಾಶ್' ಅಂತ ಹಾಕಿದಾರೆ. ಇಷ್ಟು ದಿನ ಮೇಜಿಗೊಂದರಂತೆ ಬಿಡಿಬಿಡಿಯಾಗಿ ಕೀಳ್ತಿದ್ರು. ಈಗ ಪ್ಯಾಕೇಜ್ ಮಾಡಿದಾರೆ. ಒಂದೇ ಸಲ ಕ್ಯಾಶ್ ಕೊಟ್ಟರೆ ಫೈಲು ಉಳಿಯುತ್ತೆ, ಇಲ್ದಿದ್ರೆ ಅಳಿಸ್ತಾರೆ."

"ಬಾಗಿಲಿಗೇ ಅಂಟಿಸಿದಾರಲ್ರೀ! ನಾಚಿಕೆ ಬೇಡ್ವಾ?"

"ವಿಷಾದಿಸ್ತೀವಿ ಅಂತಲೂ ಹಾಕಿದಾರೆ."

ಶನಿವಾರ ಸಂಜೆ ಎಂಜಿನಿಯರ್ ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಪಕ್ಕದ ಮನೆಯ ಟೈಲರ್ ಬಂದ. ಬೀದಿದೀಪದ ಬೆಳಕು ನೇರವಾಗಿ ತನ್ನ ಮಲಗುವ ಕೋಣೆಗೆ ಬೀಳುತ್ತದೆ, ಕಂಬ ಸರಿಸಿಕೊಡಿ ಎಂದು ಟೈಲರ್ ಅರ್ಜಿ ಕೊಟ್ಟು ಬಹಳ ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲವಾದ್ದರಿಂದ ಊರಿನ ಅನೇಕರ ಅಂಗಿಗಳ ಒಂದು ತೋಳು ಗಿಡ್ಡವಾಗಿತ್ತು. ಅವನು ಸುತ್ತಮುತ್ತ ನೋಡಿ ಒಂದು ಲಕೋಟೆಯನ್ನು ಎಂಜಿನಿಯರ್‌ನ ಮಡಿಲಿಗೆ ತಳ್ಳಿದ.

"ಪ್ಯಾಕೇಜಿಗೆ ತಂದಿದೀನಿ ಸಾಹೇಬ್ರೇ. ನನ್ನ ದೀಪದ ಫೈಲು ಒಂದು ಬದುಕಿಸಿಬಿಡಿ."

ಎಂಜಿನಿಯರ್ ಕೆಂಡಾಮಂಡಲವಾದ. "ನನಗೆ ಲಂಚ ಕೊಡ್ತೀಯಾ? ಏನಂದ್ಕೊಂಡಿದೀಯ ನನ್ನ? ಮೊದಲು ಹೊರಗೆ ನಡಿ!"

ಟೈಲರ್ ಲಕೋಟೆ ಎತ್ತಿಕೊಂಡ. ಆಗ ಅವನಿಗೂ ಸಿಟ್ಟು ಬಂತು. "ಓಹೋ, ಬೇಡ್ವಾ? ಹಾಗಾದ್ರೆ ಕಂಬದ ಆಚೆ ಮನೆಯವರು ಅದನ್ನ ಸರಿಸಬಾರದು ಅಂತ ನನಗಿಂತ ಮೊದಲೇ ಬಂದು ಕೊಟ್ಟಿದಾರೆ. ಅದಕ್ಕೇ ಬೇಡ. ಪಕ್ಕದ ಮನೆಯವನು ಅನ್ನೋ ದಾಕ್ಷಿಣ್ಯನೂ ಇಲ್ವಲ್ಲ ನಿಮಗೆ! ನಿಮ್ಮ ಪ್ಯಾಂಟು ನನ್ನ ಹತ್ರಾನೇ ಇದೆ, ನೆನಪಿರಲಿ!"

"ಅಯ್ಯೋ ಅದು ಕಂಪ್ಯೂಟರ್ ಕ್ಯಾಶು ಕಣಯ್ಯಾ!"

"ಕಂಪ್ಯೂಟರಲ್ಲೇ ಹಾಕಬೇಕಾ? ಮೊದಲೇ ಹೇಳಬಾರದಾ?" ಎಂದು ಟೈಲರ್ ದಡದಡನೆ ಇಳಿದುಹೋದ.

ಅವನು ಗೇಟು ಹಾಕುವ ಮೊದಲೇ ಆ ಗೇಟನ್ನು ಊರುಗೋಲಿನಿಂದ ತಳ್ಳಿಕೊಂಡು ಮಾವ ಬಂದರು. ಎಂಜಿನಿಯರ್‌ನ ಹೆಂಡತಿಯ ತಂದೆ ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಸಾಧಾರಣ ಮಾತೇ ಮೈದಾನದ ಆ ತುದಿಗೆ ಕೇಳುವಂಥದು. ಅವರ ಮನೆಯ ಮುಂದೆ ತೆರೆದ ಚರಂಡಿಯೊಂದಿತ್ತು. ಅದಕ್ಕೆ ಕಲ್ಲುಹಾಸು ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟು ಕಾಯುತ್ತಿರುವಾಗಲೇ ಅವರು ಅದರಲ್ಲಿ ಬಿದ್ದು ಮಂಡಿ ಮುರಿದುಕೊಂಡಿದ್ದರು. ಜೀವಮಾನವಿಡೀ ಊರಿನ ಮಕ್ಕಳಿಗೆ ನೆಟ್ಟಗೆ ನಡೆಯುವುದನ್ನು ಕಲಿಸಿದವರು ಈಗ ಕುಂಟುತ್ತಿದ್ದರು. ಅಳಿಯ ಮಾತ್ರ ಪ್ರತಿ ಭೇಟಿಯಲ್ಲೂ, 'ಫೈಲು ಓಡ್ತಾ ಇದೆ ಮಾವ' ಎಂದು ಧೈರ್ಯ ಹೇಳುತ್ತಿದ್ದ.

"ಅಳಿಯಂದ್ರೇ, ಹೊರಗೆ ಬನ್ನಿ!"

"ಮಾವ, ಒಳಗೆ ಬನ್ನಿ, ಒಂದು ಲೋಟ ಚಹಾ..."

"ನಿಮ್ಮ ಚಹಾ ಚರಂಡಿಗೆ ಸುರೀರಿ! ನಮ್ಮ ಮನೆ ಮುಂದಿನ ಚರಂಡಿಗೇ ಸುರೀರಿ, ಅದಿನ್ನೂ ತೆರೆದೇ ಇದೆ! ಓಡ್ತಾ ಇದೆ ಓಡ್ತಾ ಇದೆ ಅಂತ ಇಷ್ಟು ವರ್ಷ ಹೇಳಿ ಈಗ ವೃಥಾ ಅಂತೀರಾ? ನನ್ನ ಮಂಡಿ ವೃಥಾನಾ?"

"ಅಪ್ಪ, ಅದು ಬೇರೆ ಫೈಲಂತೆ" ಎಂದಳು ಮಗಳು.

"ನೀನು ಸುಮ್ನಿರು. ಸೋಮವಾರ ನಾನೇ ಬರ್ತೀನಿ. ನನ್ನ ಕಣ್ಣ ಮುಂದೆ ಅಳಿಸಲಿ, ನೋಡೇಬಿಡ್ತೀನಿ!"

ಮಾವ ಹೋದ ಮೇಲೆ ಎಂಜಿನಿಯರ್ ಸಿಟ್ಟಿನಿಂದ ಕುರ್ಚಿಯನ್ನು ಒದ್ದ. ಕುರ್ಚಿ ಗಟ್ಟಿಯಾಗಿತ್ತು. ಸೋಮವಾರ ಬೆಳಿಗ್ಗೆ ಅವನೂ ಮಾವನ ಹಾಗೆಯೇ ಕುಂಟುತ್ತ ಕಚೇರಿಗೆ ಬಂದ.

ಬಂದು ನೋಡಿದರೆ ಅಂಗಳದಲ್ಲಿ ಕಾಲಿಡಲು ತಾವಿರಲಿಲ್ಲ. ನಲ್ಲಿಯವರು, ಚರಂಡಿಯವರು, ಖಾತೆಯವರು, ಕಾಂಪೌಂಡಿನವರು, ಎಲ್ಲರ ಕೈಯಲ್ಲೂ ಹಳದಿ ತಿರುಗಿದ ರಸೀತಿ, ಎಲ್ಲರ ಕಣ್ಣೂ ಕೆಂಪು. ಮುಂದೆ ನಿಂತಿದ್ದ ಬೇಕರಿಯ ಹೆಂಗಸು ಇವನನ್ನು ಕಂಡವಳೇ ಕೊರಳಪಟ್ಟಿಗೆ ಕೈ ಹಾಕಿದಳು.

"ನನ್ನ ಮಗಳು ಹುಟ್ಟಿದಾಗ ಜನನ ಪತ್ರದಲ್ಲಿ 'ಗಂಡು' ಅಂತ ಬರೆದ್ರಿ. ತಿದ್ದಿಕೊಡಿ ಅಂತ ಅವತ್ತೇ ಅರ್ಜಿ ಕೊಟ್ಟೆ. ಅವಳಿಗೀಗ ಎರಡನೇ ಹೆರಿಗೆ ಕಣ್ರೀ! ಆಸ್ಪತ್ರೆಯವರು ಪತ್ರ ನೋಡಿ ನಗ್ತಾರೆ. ಆ ಫೈಲನ್ನ ಅಳಿಸ್ತೀರಾ?"

"ಅಮ್ಮಾ, ಕಾಗದದ ಫೈಲಲ್ಲ, ಪ್ಯಾಕೇಜ್ ಕ್ಯಾಶು..."

"ಕೇಳಿದ್ರಾ! ನಾನೇ ಮಾತೆತ್ತಲಿಲ್ಲ, ಅವನೇ ಬಾಯಿಬಿಟ್ಟು ಕ್ಯಾಶ್ ಕೇಳ್ತಿದಾನೆ!"

ಜನ ಹೋ ಎಂದರು. ಅವನು ಕೊರಳು ಬಿಡಿಸಿಕೊಂಡು ಮೂಲೆಯ ಕೋಣೆಗೆ ಓಡಿದ. ಒಂದು ಗುಂಡಿ ಒತ್ತಿ ಈ ಶನಿ ಕಳೆದುಕೊಳ್ಳಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತ. ಕೌಂಟರುಗಳಲ್ಲಿ ಹೊಸ ಆವೃತ್ತಿಯ ಕೆಲಸ ಆಗಲೇ ಶುರುವಾಗಿ, ಅವೆಲ್ಲ ಈ ಯಂತ್ರದಿಂದ ಪ್ಯಾಕೇಜು ಕೇಳುತ್ತ ನಿಂತಿದ್ದವು. ಪರದೆಯಲ್ಲಿ ಎರಡು ಗುಂಡಿಗಳೂ ಕಂಡವು. ಅವನು ಬಾಣವನ್ನು ಎಚ್ಚರಿಕೆಯಿಂದ 'ಹಳತು ಮಾತ್ರ ಅಳಿಸು' ಎಂಬುದರ ಕಡೆಗೆ ಒಯ್ಯುತ್ತಿದ್ದಂತೆ ಬಾಗಿಲು ದಢಾರನೆ ತೆರೆದುಕೊಂಡು ಮಾವನೂ ಅವರ ಹಿಂದೆ ಅರ್ಧ ಊರೂ ಒಳಗೆ ನುಗ್ಗಿತು.

"ಕೈ ಮೇಲೆತ್ತಿ!" ಎಂದರು ಡ್ರಿಲ್ ಮೇಷ್ಟ್ರು.

ಕೋಣೆಯಲ್ಲಿದ್ದ ಅಷ್ಟೂ ಜನ ಕೈ ಎತ್ತಿದರು. ಅವರೆಲ್ಲ ಅದೇ ಶಾಲೆಯಲ್ಲಿ ಓದಿದವರು. ಟೈಲರ್ ಮಾತ್ರ ಬೇಗ ಕೈ ಇಳಿಸಿ ಎಂಜಿನಿಯರ್‌ನ ರಟ್ಟೆ ಹಿಡಿದು ಎಳೆದ. ಬೇಕರಿಯಾಕೆ ಇನ್ನೊಂದು ರಟ್ಟೆ ಎಳೆದಳು.

"ಬಿಡ್ರೀ! ನನ್ನ ಕೆಲಸ ಮಾಡೋಕೆ ಬಿಡ್ರೀ! ಇಲ್ಲಿ ನಿಮ್ಮ ಫೈಲೂ ಇಲ್ಲ, ಮಣ್ಣೂ ಇಲ್ಲ!"

"ಇಲ್ಲ ಅಂತಾನೆ! ಆಗಲೇ ಅಳಿಸಿಬಿಟ್ಟಿದಾನೆ!"

ಎಂಜಿನಿಯರ್‌ನ ತಲೆ ಚಿಟ್ಟು ಹಿಡಿದುಹೋಯಿತು. ಕಂಪನಿಯಾಕೆಯ ಮಾತು, ಟೈಲರ್‌ನ ಲಕೋಟೆ, ಮಾವನ ಚರಂಡಿ, ಒದೆಸಿಕೊಂಡ ಕುರ್ಚಿ, ಎಲ್ಲವೂ ಒಟ್ಟಿಗೆ ಅಂಗೈಗೆ ಬಂದವು. ರಟ್ಟೆ ಕೊಡವಿಕೊಂಡವನೇ ಮೇಜಿನ ಮೇಲೆ ಧಡ್ಡನೆ ಗುದ್ದಿದ. ಗುದ್ದು ಬಿದ್ದದ್ದು ಮೌಸಿನ ಮೇಲೆ. ಎಳೆದಾಟದಲ್ಲಿ ಬಾಣ ಒಂದು ಬೆರಳಿನಷ್ಟು ಕೆಳಗೆ ಸರಿದಿತ್ತು.

'ಎಲ್ಲ ಅಳಿಸು.'

ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಏರಿ ಏರಿ ಮಾಯವಾಗತೊಡಗಿದವು.

"ಅಗೋ! ಹೋಗ್ತಿದೆ! ಎಲ್ಲಾ ಹೋಗ್ತಿದೆ!"

"ಅದು ನನ್ನ ಖಾತೆ ಕಣ್ರೀ, ಈಗ ಹೋಯ್ತಲ್ಲ, ಅದು!"

"ಮಗಳೇ!" ಎಂದು ಬೇಕರಿಯಾಕೆ ಪರದೆಯನ್ನು ತಬ್ಬಿಕೊಂಡಳು.

ಎಂಜಿನಿಯರ್ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದ. ಏನೂ ನಿಲ್ಲಲಿಲ್ಲ. ಬೇಡವೆಂದು ಹೇಳಿದ್ದನ್ನೇ ತಾನು ಒತ್ತಿದೆನೆಂಬುದು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೊರಗೆ ಕೌಂಟರುಗಳು ಒಂದರ ಹಿಂದೊಂದು ಅರ್ಧದಲ್ಲೇ ನಿಂತು ಕಪ್ಪಾದವು.

ಅಷ್ಟರಲ್ಲಿ ಮುಖ್ಯಾಧಿಕಾರಿಗಳು ಬಂದರು. ಗುಂಪು ಕಂಡು ಅವರ ಮುಖ ಅರಳಿತು. "ಏನ್ರೀ ಇಷ್ಟು ಜನ! ತೆರಿಗೆ ಕಟ್ಟೋಕಾ?"

ಆಮೇಲೆ ಅವರು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನೋಟೀಸನ್ನು ಅವರು ಮೊದಲ ಬಾರಿಗೆ ಓದಿದ್ದು ಆಗಲೇ. ಅವರ ಕೆನ್ನೆ ಅದುರತೊಡಗಿತು. "ಯಾವನಯ್ಯಾ ಇದನ್ನ ಬರೆದಿದ್ದು? ಯಾರನ್ನ ಕೇಳಿ ಬರೆದೆ?" ಎಂದು ಎಂಜಿನಿಯರ್‌ಗೆ ಗದರಿ ಜನರ ಕಡೆ ತಿರುಗಿದರು. "ನೋಡಿ, ನಿಮ್ಮ ಯಾವ ಫೈಲನ್ನೂ ಅಳಿಸಿಲ್ಲ. ಎಲ್ಲಾ ಭದ್ರವಾಗಿವೆ."

"ತೋರಿಸಿ" ಎಂದರು ಮೇಷ್ಟ್ರು.

"ತೋರಿಸಬಹುದಿತ್ತು. ಆದರೆ ನೋಡಿ, ಕಂಪ್ಯೂಟರ್ ನಿಂತಿದೆ. ಕಂಪ್ಯೂಟರ್ ಇಲ್ದೆ ನಾವು ಏನೂ ಮಾಡೋಕಾಗಲ್ಲ."

"ನಾನು ಅರ್ಜಿ ಕೊಟ್ಟಾಗ ಈ ಕಚೇರಿಯಲ್ಲಿ ಕಂಪ್ಯೂಟರೇ ಇರಲಿಲ್ಲ!" ಎಂದು ಮೇಷ್ಟ್ರು ಗುಡುಗಿದರು. "ಕಾಗದದಲ್ಲಿ ಕೊಟ್ಟಿದೀನಿ, ಕಾಗದ ತೋರಿಸಿ. ಜೇಬಲ್ಲಿ ಪೆನ್ನಿದೆಯಲ್ಲ, ಅದಕ್ಕೂ ಕರೆಂಟ್ ಬೇಕಾ? ಎಲ್ಲರೂ ಸಾಲಾಗಿ ನಿಲ್ಲಿ!"

ಜನ ಸಾಲಾಗಿ ನಿಂತರು. ಸಾಹೇಬರು ಕಿಟಕಿ ನೋಡಿದರು, ಬಾಗಿಲು ನೋಡಿದರು. ಎರಡರಲ್ಲೂ ಜನವಿತ್ತು. ದಫ್ತರದ ಕೋಣೆ ತೆರೆಯಲು ಹೇಳಿದರು. ಧೂಳು ಹಾರಿತು, ಸಾಲಿಡೀ ಸೀನಿತು. ಜವಾನರು ಹೊತ್ತುಹೊತ್ತು ತಂದು ಮೇಜಿನ ಮೇಲೆ ಸುರಿದರು. ಹೆಸರು ಕೂಗಿದಂತೆ ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಫೈಲನ್ನು ಕಣ್ಣಾರೆ ಕಂಡರು. ಕಂಡವರು ಸುಮ್ಮನೆ ಹೋಗಲಿಲ್ಲ. "ಇದೆಯಲ್ಲ? ಹಾಗಾದ್ರೆ ಇನ್ಯಾಕೆ ತಡ? ಸಹಿ ಹಾಕಿ" ಎಂದು ಅಲ್ಲೇ ನಿಂತರು. ಸಾಹೇಬರು ಹಲ್ಲು ಕಡಿಯುತ್ತ ಸಹಿ ಹಾಕಿದರು. ಬೇಕರಿಯಾಕೆಯ ಮಗಳು ಮಧ್ಯಾಹ್ನದ ಹೊತ್ತಿಗೆ ಹೆಣ್ಣಾದಳು. ದೀಪದ ಕಂಬ ಸರಿಸಲು ಆದೇಶವಾಯಿತು.

ಕೊನೆಗೆ ಮೇಷ್ಟ್ರ ಫೈಲೊಂದೇ ಸಿಗಲಿಲ್ಲ.

"ನಿಮ್ಮ ಅರ್ಜಿ ಬಹುಶಃ ಬಂದೇ ಇಲ್ಲ ಮೇಷ್ಟ್ರೇ" ಎಂದು ಸಾಹೇಬರು ಅವರನ್ನು ಸಮಾಧಾನ ಮಾಡಲು ತಮ್ಮ ಕೋಣೆಗೆ ಕರೆದೊಯ್ದರು. ಅಳಿಯನೂ ಬಾಗಿಲಲ್ಲಿ ನಿಂತ.

"ಬಂದಿಲ್ವಾ? ಬಂದಿಲ್ಲ ಅಂತೀರಾ?" ಮೇಷ್ಟ್ರು ಊರುಗೋಲನ್ನು ಬೀಸಿ ನೆಲಕ್ಕೆ ಬಡಿದರು. ಅದು ನೆಲದ ಬದಲು ಸಾಹೇಬರ ಫ್ಯಾನಿನ ಸ್ಟ್ಯಾಂಡಿಗೆ ಬಡಿಯಿತು. ಫ್ಯಾನು ವಾಲಿತು, ಅದರ ಅಡಿಗೆ ಕೊಟ್ಟಿದ್ದ ದಪ್ಪನೆಯ ವಸ್ತು ಅರ್ಧ ಹೊರಬಂತು. ಅದರ ಮೇಲೆ ಮೇಷ್ಟ್ರ ಕವಾಯತಿನಂಥ ನೆಟ್ಟನೆಯ ಅಕ್ಷರಗಳಲ್ಲಿ, ಕೆಂಪು ಗೆರೆ ಎಳೆದು, 'ಚರಂಡಿ: ತುರ್ತು' ಎಂದು ಬರೆದಿತ್ತು.

ಸಾಹೇಬರು ಬೆವರಿದರು. ಫ್ಯಾನು ನಿಂತಿತ್ತು.

ಹಿಂದೊಮ್ಮೆ ಫ್ಯಾನು ಗಡಗಡ ಎನ್ನುತ್ತದೆಂದು ಸಾಹೇಬರು ರೇಗಿದಾಗ, ಕೈಗೆ ಸಿಕ್ಕಿದ ಫೈಲೊಂದನ್ನು ಹೆಸರೂ ನೋಡದೆ ಅದರಡಿಗೆ ತುರುಕಿದವನು ಬಾಗಿಲಲ್ಲೇ ನಿಂತಿದ್ದ. ಅವನು ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದ.

ಮೇಷ್ಟ್ರು ಫೈಲನ್ನು ಎತ್ತಿಕೊಂಡು ಧೂಳು ಕೊಡವಿದರು. ಅಳಿಯನ ಕಡೆ ತಿರುಗಿದರು.

"ಅಳಿಯಂದ್ರೇ. ಈಗ ಅರ್ಥ ಆಯ್ತು. ಇದು ಇಲ್ಲಿರೋದು ನಿಮಗೆ ಗೊತ್ತಿತ್ತು. ಕೈ ಕೆಳಗೆ ಕೆಲಸ ಮಾಡೋನು ಬಾಯಿಬಿಟ್ಟು ಹೇಳೋ ಹಾಗಿಲ್ಲ. ಅದಕ್ಕೇ ಆ ನೋಟೀಸು ಹಾಕಿ ಊರನ್ನೇ ಎಬ್ಬಿಸಿದ್ರಿ!"

"ಅಲ್ಲ ಮಾವ, ಅದು..."

"ಸಾಕು! ಸೈನಿಕ ತನ್ನ ಬಾಯಲ್ಲಿ ಹೇಳ್ಕೋಬಾರದು."

ಚರಂಡಿಗೆ ಕಲ್ಲುಹಾಸು ಬಂತು. ಅತ್ತ ಅಳಿಸಿಹೋದ ಪ್ಯಾಕೇಜುಗಳು ಹನಿಹನಿಯಾಗಿ ವಾಪಸ್ ಬರುವವರೆಗೆ ವಾರವಿಡೀ ಕೌಂಟರುಗಳು ಮುಚ್ಚಿದ್ದವು. ಕಂಪನಿಯಾಕೆ ಫೋನಿನಲ್ಲಿ ಎಷ್ಟು ಕೂಗಿದಳೆಂದರೆ ಎಂಜಿನಿಯರ್ ಅದನ್ನು ಮೇಜಿನ ಮೇಲಿಟ್ಟೇ ಕೇಳಿದ. ಸಾಹೇಬರು ಅವನನ್ನು ಅಮಾನತು ಮಾಡಲು ಆದೇಶ ಸಿದ್ಧಪಡಿಸಿದರು. ಅಷ್ಟರಲ್ಲಿ ಪತ್ರಿಕೆಯವರು 'ಹಳೆಯ ಫೈಲುಗಳಿಗೆ ಮುಕ್ತಿ: ಮುಖ್ಯಾಧಿಕಾರಿಯ ದಿಟ್ಟ ಹೆಜ್ಜೆ' ಎಂದು ಬರೆದರು, ಮೇಲಿನವರು ಮೆಚ್ಚಿ ಫೋನು ಮಾಡಿದರು. ದಿಟ್ಟ ಹೆಜ್ಜೆ ಇಟ್ಟವರು ಆದೇಶವನ್ನು ಹರಿಯಬೇಕಾಯಿತು. ಹರಿದದ್ದು ಎಷ್ಟು ಸಿಟ್ಟಿನಿಂದ ಎಂದರೆ ಅದರ ಚೂರುಗಳು ಪಕ್ಕದ ವಿಭಾಗದಲ್ಲೂ ಸಿಕ್ಕವು.

ಊರಿನಲ್ಲಿ ಮಾತ್ರ ಎಂಜಿನಿಯರ್ ದೊಡ್ಡ ಮನುಷ್ಯನಾದ. ಇವನಿಗೋ ಮೈಯೆಲ್ಲ ಉರಿ. ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು, "ಅದು ಕಂಪ್ಯೂಟರ್ ಫೈಲು ಕಣ್ರೀ! ಸಾಫ್ಟ್‌ವೇರು! ಉಗ್ರಾಣ!" ಎಂದು ರೇಗಾಡುತ್ತಿದ್ದ. ಜನ ಕಣ್ಣು ಮಿಟುಕಿಸಿ, "ಹೌದೌದು, ಹಾಗೇ ಹೇಳ್ಬೇಕು, ನೌಕರಿ ಉಳೀಬೇಕಲ್ಲ" ಎನ್ನುತ್ತಿದ್ದರು. ಟೈಲರ್ ಹೊಲಿದ ಪ್ಯಾಂಟನ್ನು ಕೂಲಿಯಿಲ್ಲದೆ ತಂದುಕೊಟ್ಟ. ಎರಡು ಕಾಲೂ ಒಂದೇ ಅಳತೆಗಿದ್ದವು.

ಒಂದು ಸಂಜೆ ಅವನು ಮನೆಗೆ ಬಂದವನೇ ಚೀಲ ಎಸೆದು ಕೂಗಿದ. "ಈ ಊರಲ್ಲಿ ನಿಜ ಹೇಳಿದ್ರೆ ನಂಬೋನು ಒಬ್ಬನಾದ್ರೂ ಇದಾನಾ? ನಾನು ಬೇಕಂತ ಮಾಡಿದ್ದಲ್ಲ ಅದು!"

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ನಾನು ನಂಬ್ತೀನಿ ಬಿಡ್ರೀ" ಎಂದಳು.

ಅವನು ಎಸೆದಿದ್ದ ಚೀಲವನ್ನು ಎತ್ತಿ ಮೊಳೆಗೆ ಹಾಕಿದ. "ನೀನಾದ್ರೂ ನಂಬಿದೆಯಲ್ಲೇ."

"ಮತ್ತೆ? ಅಷ್ಟು ತಲೆ, ಅಷ್ಟು ಧೈರ್ಯ ನಿಮಗೆಲ್ಲಿಂದ ಬರಬೇಕು? ನಮ್ಮಪ್ಪನಿಗೂ ಹೇಳಿದೆ. ಅವರೇ ಕೇಳಲಿಲ್ಲ."

ಅವನು ನೋಡಿದ. ಅವಳು ದಿಂಬಿನ ಚೀಲ ಮಡಚುತ್ತಿದ್ದಳು. ಅವನ ಕಿವಿಯ ತುದಿಗಳು ಕೆಂಪಾದವು, ಮೂಗು ಅರಳಿತು. ಚಪ್ಪಲಿ ಮೆಟ್ಟಿಕೊಂಡು ದಡದಡನೆ ಬೀದಿಗಿಳಿದ. ಟೈಲರ್ ಅಂಗಡಿಯ ಮುಂದೆ ನಾಲ್ಕು ಜನ ನಿಂತು ಅದೇ ವಿಷಯ ಮಾತಾಡುತ್ತಿದ್ದರು.

"ಹೌದು ಕಣ್ರೀ" ಎಂದ ಎಂಜಿನಿಯರ್, ಎದೆಗೆ ಕೈ ಬಡಿದುಕೊಂಡು, ತನ್ನ ಮನೆಯ ಕಿಟಕಿಗೆ ಚೆನ್ನಾಗಿ ಕೇಳುವಂತೆ. "ಬೇಕಂತಲೇ ಹಾಕಿದ್ದು ಆ ನೋಟೀಸನ್ನ. ಏನೀಗ?"